ಆಯಾಸವೆಂದರೆ ಯಾವ ಕಾಯಿಲೆ?

ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಹೋಬಳಿ ಆಂಧ್ರದ ಗಡಿ ಸೀಮೆಯದು. ಆಸುಪಾಸಿನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು, ಕಾಗದಪತ್ರದ ಮಾತು ಕನ್ನಡ. ಸಂತೆಯಲ್ಲಿ ಎರಡೂ ನಡೆಯುತ್ತವೆ. ಇಂಥ ಸೀಮೆಯ ಅಜ್ಜಿಯೊಬ್ಬರು ವೈದ್ಯರೆದುರು ಕುಳಿತು ‘ಬಲು ಆಯಾಸ ಸ್ವಾಮಿ’ ಎಂದರು ಎನ್ನಿ. ಕನ್ನಡವಷ್ಟೇ ಬಲ್ಲ ವೈದ್ಯರ ಕಿವಿಗೆ ಅದು ದಣಿವು, ಸುಸ್ತು. ತೆಲುಗಿನಲ್ಲಿಯೋ, ಆಯಾಸವೆಂದರೆ ಏದುಸಿರು. ಮೊದಲನೆಯದು ಒಂದು ಬಾಟಲಿ ಟಾನಿಕ್ಕಿನಲ್ಲಿ ಮುಗಿದುಹೋಗಬಹುದಾದ ದೂರು. ಎರಡನೆಯದು ಹೃದಯವನ್ನೂ ಶ್ವಾಸಕೋಶವನ್ನೂ ಪರೀಕ್ಷಿಸಲೇಬೇಕಾದ ದೂರು.

ಕಾಯಿಲೆಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಇವೆರಡಕ್ಕೂ ಬೇರೆ ಬೇರೆ ಸಂಕೇತಗಳಿವೆ. ದಣಿವಿಗೆ ಆರ್ 53, ಉಸಿರಾಟದ ತೊಂದರೆಗೆ ಆರ್ 06. ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ 1990ರಲ್ಲಿ ಒಪ್ಪಿದ ಹತ್ತನೆಯ ಆವೃತ್ತಿಯಲ್ಲಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆಗಳು ‘ಐ’ ಅಕ್ಷರದಿಂದ, ಶ್ವಾಸಾಂಗಗಳವು ‘ಜೆ’ ಅಕ್ಷರದಿಂದ ಆರಂಭವಾಗುತ್ತವೆ. ‘ಆರ್’ ಎಂಬುದು ಹದಿನೆಂಟನೆಯ ಅಧ್ಯಾಯ. ಲಕ್ಷಣ ಕಂಡಿದೆ, ರೋಗದ ಹೆಸರು ಇನ್ನೂ ಗೊತ್ತಾಗಿಲ್ಲ ಎಂಬವರ ಖಾನೆ ಅದು. ಎದೆ ಡವಗುಟ್ಟುವುದು, ಕೆಮ್ಮು, ಏದುಸಿರು, ಎದೆನೋವು ಇವೆಲ್ಲ ಅದರ ಮೊದಲ ಸಾಲುಗಳಲ್ಲೇ ಇವೆ.

ಗೊತ್ತಿಲ್ಲದ್ದಕ್ಕೂ ಒಂದು ಖಾನೆ ಬೇಕು ಎಂಬ ತಿಳಿವಳಿಕೆ ಒಮ್ಮೆಲೇ ಬಂದದ್ದಲ್ಲ. ಲಂಡನ್ನಿನಲ್ಲಿ ಹದಿನೇಳನೆಯ ಶತಮಾನದಲ್ಲಿ ವಾರವಾರವೂ ಸಾವಿನ ಪಟ್ಟಿ ಅಚ್ಚಾಗುತ್ತಿತ್ತು. ಹೆಣ ನೋಡಿ ಕಾರಣ ಹೇಳುವ ಕೆಲಸಕ್ಕೆ ನೇಮಕವಾಗುತ್ತಿದ್ದವರು ವಯಸ್ಸಾದ ಹೆಂಗಸರು. ಜಾನ್ ಗ್ರಾಂಟ್ ಎಂಬ ವರ್ತಕ 1662ರಲ್ಲಿ ಈ ಪಟ್ಟಿಗಳನ್ನು ಒಟ್ಟುಗೂಡಿಸಿ ಪುಸ್ತಕ ಬರೆದ. ‘ಇದ್ದಕ್ಕಿದ್ದಂತೆ’, ‘ಮುಪ್ಪು’ ಎಂಬವೂ ಅಲ್ಲಿ ಕಾರಣಗಳೇ. ‘ಪುಪ್ಪುಸ ಮೇಲೇರಿದ್ದು’ ಎಂಬ ವಿಚಿತ್ರ ಕಾರಣವೊಂದೂ ಇದೆ. ಉಸಿರು ಕಟ್ಟಿ ಒದ್ದಾಡಿ ಸತ್ತವರಿಗೆ ಆ ಹೆಂಗಸರು ಕೊಟ್ಟ ಹೆಸರಿರಬೇಕು. ನಮ್ಮ ಹಳ್ಳಿಯ ‘ಗೂರಲು ಹತ್ತಿ ಸತ್ತ’ ಎಂಬ ಮಾತಿಗಿಂತ ಅದೇನು ದೂರದ್ದಲ್ಲ.

ಅದೇ ನಗರದ ನೋಂದಣಿ ಕಚೇರಿಯಲ್ಲಿದ್ದ ವಿಲಿಯಂ ಫಾರ್, 1839ರ ವರದಿಯಲ್ಲಿ ಒಂದು ಕಷ್ಟವನ್ನು ತೋಡಿಕೊಂಡ. ಒಂದೇ ರೋಗಕ್ಕೆ ಮೂರು ನಾಲ್ಕು ಹೆಸರು, ಒಂದೇ ಹೆಸರಿಗೆ ಹಲವು ರೋಗ. ಹೀಗಿದ್ದರೆ ಲೆಕ್ಕವಿಡುವುದು ಹೇಗೆ? ನಗರಗೆರೆಯ ‘ಆಯಾಸ’ದ ಸಮಸ್ಯೆಯೂ ಇದೇ. ಫಾರ್ ಹಾಕಿದ ದಾರಿಯಲ್ಲಿ ಫ್ರಾನ್ಸಿನ ಬರ್ಟಿಲಾನ್ 1893ರಲ್ಲಿ ಷಿಕಾಗೋದಲ್ಲಿ ಸಾವಿನ ಕಾರಣಗಳ ಪಟ್ಟಿಯೊಂದನ್ನು ಮಂಡಿಸಿದ. 1948ರಿಂದ ಅದರ ಪರಿಷ್ಕರಣೆ ವಿಶ್ವ ಆರೋಗ್ಯ ಸಂಸ್ಥೆಯ ಹೊಣೆಯಾಯಿತು. ಸತ್ತವರ ಲೆಕ್ಕಕ್ಕೆಂದು ಹುಟ್ಟಿದ್ದು ಬದುಕಿರುವವರ ಕಾಯಿಲೆಗಳಿಗೂ ಹಬ್ಬಿದ್ದು ಆಗಲೇ.

ಲಕ್ಷಣಕ್ಕೆ ಆತುರದಲ್ಲಿ ಹೆಸರಿಟ್ಟರೆ ಏನಾಗುತ್ತದೆಂಬುದಕ್ಕೆ ‘ಸೈನಿಕನ ಹೃದಯ’ದ ಕತೆ ಇದೆ. ಅಮೆರಿಕದ ಅಂತರ್ಯುದ್ಧದಲ್ಲಿ ಎದೆಬಡಿತ, ಏದುಸಿರು, ಎದೆನೋವು ಎಂದು ಬಂದ ಸಿಪಾಯಿಗಳನ್ನು ಪರೀಕ್ಷಿಸಿದ ಡಾ ಕೋಸ್ಟಾ 1871ರಲ್ಲಿ ಅದನ್ನು ಒಂದು ಹೃದ್ರೋಗವೆಂದೇ ವರ್ಣಿಸಿದ. ಮೊದಲ ಮಹಾಯುದ್ಧದಲ್ಲಿ ಅದಕ್ಕೆ ಇನ್ನಷ್ಟು ಹೆಸರುಗಳು ಬಂದವು. ಹೃದಯದಲ್ಲಿ ಮಾತ್ರ ಊನ ಸಿಗಲಿಲ್ಲ. ಹತ್ತನೆಯ ಆವೃತ್ತಿಯಲ್ಲಿ ಡಾ ಕೋಸ್ಟಾನ ಹೆಸರು ಹೃದ್ರೋಗಗಳ ಸಾಲಿನಲ್ಲಿಲ್ಲ. ಮನೋರೋಗಗಳ ಅಧ್ಯಾಯಕ್ಕೆ ಹೋಗಿ ಸೇರಿದೆ.

ನಮ್ಮಲ್ಲಿ? ಬ್ರಿಟಿಷ್ ಇಂಡಿಯಾದ ಆರೋಗ್ಯ ವರದಿಗಳಲ್ಲಿ ಕಾಲರಾ, ಸಿಡುಬು, ಪ್ಲೇಗು, ಭೇದಿ, ಜ್ವರ, ಶ್ವಾಸದ ಕಾಯಿಲೆ, ಗಾಯ, ಇತರೆ ಎಂಬಷ್ಟೇ ಕಲಮುಗಳಿದ್ದವು. ಹಳ್ಳಿಯ ಕಾವಲುಗಾರ ಬಾಯಲ್ಲಿ ಹೇಳಿದ್ದೇ ಆಧಾರ. ಬಹುಪಾಲು ಸಾವುಗಳು ‘ಜ್ವರ’ದ ಪಾಲಾಗುತ್ತಿದ್ದವು. ಸ್ವಾತಂತ್ರ್ಯಾನಂತರ, 1965ರ ಸುಮಾರಿಗೆ, ಗ್ರಾಮೀಣ ಸಾವಿನ ಕಾರಣಗಳ ಸಮೀಕ್ಷೆಯೊಂದು ಆರಂಭವಾಯಿತು. ಆರೋಗ್ಯ ಕಾರ್ಯಕರ್ತರು ಸಾವಾದ ಮನೆಗೆ ಹೋಗಿ ಲಕ್ಷಣಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದರು. ‘ಕೆಮ್ಮು’, ‘ಜ್ವರ’, ‘ಮುಪ್ಪು’ ಎಂಬ ಗುಂಪುಗಳು ಅಲ್ಲಿದ್ದವು. ಇದನ್ನು ಕಂಡು ನಗುವವರಿದ್ದಾರೆ. ನನಗೆ ಅದರಲ್ಲಿ ಒಂದು ಪ್ರಾಮಾಣಿಕತೆ ಕಾಣುತ್ತದೆ. ಕಂಡದ್ದನ್ನು ಬರೆದರು, ಕಾಣದ್ದನ್ನು ಕಟ್ಟಲಿಲ್ಲ. 2001ರಿಂದ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ಮನೆಯವರ ಹೇಳಿಕೆಯನ್ನು ಸ್ಥಳೀಯ ಭಾಷೆಯಲ್ಲೇ ಬರೆದುಕೊಂಡು, ಇಬ್ಬರು ವೈದ್ಯರು ಅದನ್ನು ಪ್ರತ್ಯೇಕವಾಗಿ ಓದಿ ಸಂಕೇತ ಕೊಡುವ ಪದ್ಧತಿ ಬಂತು. ಆಗ ‘ಆಯಾಸ’ದಂಥ ಒಂದು ಶಬ್ದದ ಮೇಲೆ ಎಷ್ಟು ಭಾರ ಬೀಳುತ್ತದೆಂದು ಯೋಚಿಸಬೇಕು.

ಓದಿದವರ ಬರವಣಿಗೆಯೇನೂ ಇದಕ್ಕಿಂತ ಮೇಲಲ್ಲ. ಮರಣ ಕಾರಣದ ವೈದ್ಯಕೀಯ ಪ್ರಮಾಣ ಪತ್ರಕ್ಕೆ, ಆಸ್ಪತ್ರೆಯಲ್ಲಿ ಸತ್ತವರಿಗಾದರೆ, ನಾಲ್ಕನೆಯ ನಮೂನೆ ಎಂಬುದಿದೆ. ಸಾವಿಗೆ ಕಾರಣವಾದ ರೋಗವನ್ನು ಬರೆಯಿರಿ, ಹೃದಯ ವೈಫಲ್ಯದಂಥ ಸಾಯುವ ಬಗೆಯನ್ನಲ್ಲ ಎಂದು ಅದರಲ್ಲೇ ಅಚ್ಚಾಗಿದೆ. ಆದರೂ ‘ಹೃದಯ ಸ್ತಂಭನ’ ಎಂದು ಗೀಚಿ ಸಹಿ ಹಾಕುವುದು ವಾಡಿಕೆ. ಹೃದಯ ನಿಲ್ಲದೆ ಸತ್ತವರು ಯಾರಿದ್ದಾರೆ? ಅಂಕಿಅಂಶ ತಜ್ಞರು ಇಂಥವನ್ನೂ ‘ಆರ್’ ಅಧ್ಯಾಯವನ್ನೂ ಸೇರಿಸಿ ಕಸದ ಸಂಕೇತಗಳು ಎಂದು ಕರೆಯುತ್ತಾರೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ‘ಗೊತ್ತಾಗಲಿಲ್ಲ’ ಎಂಬುದು ಉತ್ತರ. ‘ಹೃದಯ ನಿಂತಿತು’ ಎಂಬುದು ಉತ್ತರದ ವೇಷ. ಅದೂ ಬರೆದವರ ಮಾತಾಯಿತು. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರ ಪ್ರಮಾಣ ಪತ್ರವಿದ್ದದ್ದು ಶೇ 22.5ಕ್ಕೆ ಮಾತ್ರ.

ಇದರ ಬೆಲೆ ಏನೆಂಬುದನ್ನು ಹಾಸನ ತೋರಿಸಿಕೊಟ್ಟಿತು. 2025ರ ಮೇ ಕೊನೆಯಿಂದ ಸುಮಾರು ನಲವತ್ತು ದಿನಗಳಲ್ಲಿ ಆ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತಕ್ಕೆ ಬಲಿಯಾದರೆಂದು ಪತ್ರಿಕೆ, ಟಿ.ವಿ.ಗಳಲ್ಲಿ ದಿನದಿನವೂ ಎಣಿಕೆ ಏರಿತು. ಎದೆ ಕೊಂಚ ಚುರುಕೆಂದವರೆಲ್ಲ ಜಯದೇವ ಆಸ್ಪತ್ರೆಯ ಸಾಲಿನಲ್ಲಿ ನಿಂತರು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. 24 ಸಾವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಆಗಿರಲಿಲ್ಲ. ಉಳಿದವುಗಳಲ್ಲೂ ಕೆಲವನ್ನು ‘ಸಂಭವನೀಯ’ ಹೃದಯಾಘಾತ ಎಂದಷ್ಟೇ ಹೇಳಲಾಯಿತು. ಇಸಿಜಿ ಇಲ್ಲದೆ, ಶವಪರೀಕ್ಷೆಯಿಲ್ಲದೆ ಮನೆಯಂಗಳದಲ್ಲಿ ಮುಗಿದ ಸಾವಿಗೆ ಅದಕ್ಕಿಂತ ಹೆಚ್ಚು ಹೇಳುವುದು ಹೇಗೆ? ಹಠಾತ್ ಸಾವಿಗೆ, ಕಾರಣ ತಿಳಿಯದಿದ್ದರೆ, ಆರ್ 96 ಎಂಬ ಸಂಕೇತವಿದೆ. ಸುದ್ದಿಯ ತಲೆಬರಹದಲ್ಲಿ ಅದಕ್ಕೆ ಜಾಗವಿರಲಿಲ್ಲ. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ವರದಿ ಮಾಡಲೇಬೇಕೆಂದು ಸರ್ಕಾರ ಆಮೇಲೆ ಹೇಳಿತು.

2022ರಿಂದ ಹನ್ನೊಂದನೆಯ ಆವೃತ್ತಿ ಜಾರಿಗೆ ಬಂದಿದೆ. ಆಯುರ್ವೇದ, ಸಿದ್ಧ, ಯುನಾನಿಗಳ ರೋಗನಾಮಗಳನ್ನು ಸೇರಿಸಿದ ಭಾಗವನ್ನು 2024ರ ಜನವರಿಯಲ್ಲಿ ದೆಹಲಿಯಲ್ಲಿ ಬಿಡುಗಡೆ ಮಾಡಲಾಯಿತು. ಚರಕಸಂಹಿತೆ ಶ್ವಾಸರೋಗವನ್ನು ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ ಎಂದು ಐದಾಗಿ ವಿಂಗಡಿಸುತ್ತದೆ. ಇವುಗಳಲ್ಲಿ ಕ್ಷುದ್ರಶ್ವಾಸವೆಂದರೆ ಶ್ರಮದಿಂದ ಬಂದು, ಕೂತರೆ ಶಮನವಾಗುವ ಏದುಸಿರು. ದಣಿವೂ ಉಸಿರೂ ಅಲ್ಲಿ ಒಂದಕ್ಕೊಂದು ಅಂಟಿಕೊಂಡೇ ಇವೆ. ತೆಲುಗಿನ ಆಯಾಸವೂ ಅಂಥದೇ ದಾರಿಯಲ್ಲಿ ಬಂದದ್ದಿರಬಹುದು.

ಅಷ್ಟು ಹೊತ್ತೂ ನಮ್ಮ ಅಜ್ಜಿ ಬೆಂಚಿನ ಮೇಲೆ ಕೂತೇ ಇದ್ದಾರೆ. ಗಡಿಸೀಮೆಯಲ್ಲಿ ನಾಲ್ಕು ವರ್ಷ ಕಳೆದ ವೈದ್ಯರಾದರೆ ಆರ್ 53 ಎಂದು ಬರೆಯುವ ಮುಂಚೆ ಇನ್ನೊಂದು ಮಾತು ಕೇಳುತ್ತಾರೆ: ‘ದಿನ್ನೆ ಹತ್ತುವಾಗ ಮೊದಲು ಸೋಲುವುದು ಕಾಲೋ, ಉಸಿರೋ, ಅಜ್ಜಿ?’