ಎಪ್ಪತ್ನಾಲ್ಕಕ್ಕೂ ಹಳದಿ

ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ 74 ತಂದ ಹುಡುಗನ ಮನೆಯವರು, ಅರಭಾವಿಯಾಗಲಿ ಹುಕ್ಕೇರಿಯಾಗಲಿ, ಓಣಿಗೆಲ್ಲ ಸಿಹಿ ಹಂಚುತ್ತಾರೆ. ಬಹುಕಾಲ 35 ಬಂದರೆ ಪಾಸು ಎಂದಿತ್ತು; 60 ದಾಟಿದರೆ ಫಸ್ಟ್ ಕ್ಲಾಸು. ಅದೇ 74 ಒಂದು ವಿಡಿಯೋ ಗೇಮಿನ ಪಾಲಿಗೆ ಬಂದರೆ ಸಿಹಿ ಹಂಚುವವರಿಲ್ಲ. ವಿಮರ್ಶಕರ ಅಂಕಗಳನ್ನು ಕೂಡಿಸಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ಜಾಲತಾಣ, ಆ ಗೇಮಿನ ಪಕ್ಕ ಹಳದಿ ಚೌಕ ಹಾಕುತ್ತದೆ. ಹಳದಿ ಎಂದರೆ ಸಾಧಾರಣ, ಅಥವಾ ಮಿಶ್ರ ಅಭಿಪ್ರಾಯ. ಗೇಮಿಗೆ ಹಸಿರು ಸಿಗಬೇಕಾದರೆ 75 ಬೇಕು. ಸಿನಿಮಾಕ್ಕೆ 61 ಸಾಕು!

ಒಂದೇ ಸಂಸ್ಥೆ ಸಿನಿಮಾಕ್ಕೊಂದು ನ್ಯಾಯ, ಗೇಮಿಗೊಂದು ನ್ಯಾಯ ಮಾಡಿದ್ದು ದ್ವೇಷದಿಂದಲ್ಲ. 2001ರಲ್ಲಿ ಅದು ಶುರುವಾಗುವ ಹೊತ್ತಿಗೇ ಗೇಮ್ ವಿಮರ್ಶಕರು ಹತ್ತರ ಅಳತೆಗೋಲಿನ ಕೆಳಗಿನ ಅರ್ಧವನ್ನು ಬಳಸುವುದನ್ನು ಬಹುಮಟ್ಟಿಗೆ ಬಿಟ್ಟಿದ್ದರು. ಐದು ಇರಬೇಕಾದ ಜಾಗದಲ್ಲಿ ಏಳು ಬಂದು ಕುಳಿತಿತ್ತು.

ಶುರುವಿನಲ್ಲಿ ಅಂಕಕ್ಕಿಂತ ಎಚ್ಚರಿಕೆಯ ಮಾತು ಬೇಕಾಗಿತ್ತು. ಅಮೆರಿಕದಲ್ಲಿ ಬಿಲ್ ಕಂಕೆಲ್, ಆರ್ನಿ ಕಾಟ್ಜ್ ಮತ್ತು ಜಾಯ್ಸ್ ವರ್ಲಿ ಸೇರಿ 1981ರಲ್ಲಿ ‘ಎಲೆಕ್ಟ್ರಾನಿಕ್ ಗೇಮ್ಸ್’ ಪತ್ರಿಕೆ ತಂದರು. ಅದೇ ವರ್ಷ ಬ್ರಿಟನ್ನಿನಲ್ಲಿ ‘ಕಂಪ್ಯೂಟರ್ ಆಂಡ್ ವಿಡಿಯೋ ಗೇಮ್ಸ್’ ಬಂತು. ಆಗ ಅಟಾರಿಯ ಕಾಲ. ಅಂಗಡಿಯ ತುಂಬ ಕಾರ್ಟ್ರಿಜ್‌ಗಳು. ಡಬ್ಬಿಯ ಮೇಲೆ ಬೆಂಕಿ, ರಾಕೆಟ್, ರಾಕ್ಷಸರ ಚಿತ್ರ. ಮನೆಗೆ ತಂದು ಹಾಕಿದರೆ ಪರದೆಯ ಮೇಲೆ ನಾಲ್ಕು ಚೌಕ ಓಡಾಡುತ್ತಿದ್ದವು. 1982ರ ‘ಇ.ಟಿ.’ ಗೇಮಂತೂ ಮಾರಾಟವಾಗದೆ ಉಳಿದು, ಮರುವರ್ಷ ನ್ಯೂ ಮೆಕ್ಸಿಕೋದ ಅಲಮೊಗೋರ್ಡೊದಲ್ಲಿ ಕಸದ ಗುಂಡಿ ಸೇರಿತು. 2014ರಲ್ಲಿ ಅಗೆದಾಗ ಆ ಕಾರ್ಟ್ರಿಜ್‌ಗಳು ನಿಜಕ್ಕೂ ಸಿಕ್ಕವು. ಕೊಳ್ಳುವ ಮುಂಚೆ ಯಾರಾದರೂ ಆಡಿ ನೋಡಿ ಹೇಳಲಿ ಎಂಬ ಬೇಡಿಕೆ ಇಂಥ ಅನುಭವಗಳಿಂದಲೇ ಗಟ್ಟಿಯಾಯಿತು.

ಆ ಬೇಡಿಕೆಗೆ ಶಿಸ್ತಿನ ರೂಪ ಕೊಟ್ಟವರು ಜಪಾನಿನವರು. 1986ರಲ್ಲಿ ಆರಂಭವಾದ ‘ಫಾಮಿತ್ಸು’ ಪತ್ರಿಕೆ ನಾಲ್ವರು ಪಂಚರನ್ನು ಕೂರಿಸಿತು. ಒಬ್ಬೊಬ್ಬರೂ ನಾಲ್ಕೈದು ಸಾಲು ಬರೆದು ಹತ್ತಕ್ಕೆ ಇಷ್ಟೆಂದು ಅಂಕ ಕೊಡಬೇಕು; ಒಟ್ಟು 40. ‘ಝೆಲ್ಡಾ: ಒಕರಿನಾ ಆಫ್ ಟೈಮ್’ಗೆ 1998ರಲ್ಲಿ ಮೊದಲ ಸಲ ಪೂರ್ತಿ 40 ಸಿಕ್ಕಿದ್ದನ್ನು ಎಲ್ಲರೂ ಹೇಳುತ್ತಾರೆ. ನಡುವಿನವರ ಪಾಡನ್ನು ನೋಡಬೇಕು. ಈ ಪದ್ಧತಿಯಲ್ಲಿ 30 ಬಂದರೆ ಬೆಳ್ಳಿ, 32ಕ್ಕೆ ಚಿನ್ನ, 35ಕ್ಕೆ ಪ್ಲಾಟಿನಮ್. ನಾಲ್ವರೂ ಒಮ್ಮತದಿಂದ ಏಳೇಳು ಕೊಟ್ಟರೆ ಆಗುವುದು 28. ಯಾರೂ ಬೈದಿಲ್ಲ, ಎಲ್ಲರೂ ಪರವಾಗಿಲ್ಲ ಎಂದಿದ್ದಾರೆ, ಆದರೂ ಗೇಮು ಬರಿಗೈಯಲ್ಲಿ ಹೊರಡಬೇಕು.

ಬ್ರಿಟನ್ನಿನ ‘ಎಡ್ಜ್’ ಮಾಸಿಕ 1993ರಲ್ಲಿ ಹುಟ್ಟಿದ್ದು ಸ್ವಲ್ಪ ಮೊಂಡು ಸ್ವಭಾವದೊಂದಿಗೆ. ಐದು ಎಂದರೆ ಐದೇ, ಸಾಧಾರಣ ಎಂದೇ ಅರ್ಥ ಎಂಬುದು ಅದರ ಪಟ್ಟು. ಇಡೀ ಜಗತ್ತು ತಲೆಯ ಮೇಲೆ ಹೊತ್ತು ಮೆರೆದ ‘ಡೂಮ್’ಗೆ ಅದು 1994ರಲ್ಲಿ ಕೊಟ್ಟದ್ದು ಏಳು. ಗುಂಡು ಹೊಡೆಯುವ ಬದಲು ಅದರ ರಾಕ್ಷಸರೊಂದಿಗೆ ಮಾತಾಡುವಂತಿದ್ದರೆ ಎಷ್ಟು ಚೆನ್ನಿತ್ತು ಎಂದು ವಿಮರ್ಶಕ ಹಲುಬಿದ್ದನ್ನು ಗೇಮ್ ಲೋಕ ಇಂದಿಗೂ ಹೇಳಿಕೊಂಡು ನಗುತ್ತದೆ. ಆದರೆ ಅಂಥ ಆಟಗಳು ಮುಂದೆ ಬಂದವು. ಆ ವಿಮರ್ಶಕನ ಕೊರಗು ತೀರಾ ಹುಚ್ಚಿನದಲ್ಲ.

ಉಳಿದ ಕಡೆ ಅಂಕ ಮೇಲಕ್ಕೇ ಏರಿತು. ಅದಕ್ಕೆ ಸಾಚಾ ಕಾರಣವೂ ಇತ್ತು: ಪುಟಗಳು ಕಡಿಮೆ, ಗೇಮುಗಳು ಹೆಚ್ಚು, ತೀರಾ ಕಳಪೆಯವು ವಿಮರ್ಶೆಯ ಮೇಜಿಗೇ ಬರುತ್ತಿರಲಿಲ್ಲ. ಸಾಚಾ ಅಲ್ಲದ ಕಾರಣವೂ ಇತ್ತು. ಪತ್ರಿಕೆಯ ಹೊಟ್ಟೆ ತುಂಬುವುದು ಗೇಮ್ ಕಂಪನಿಗಳ ಜಾಹೀರಾತಿನಿಂದ, ಮೊದಲ ಪ್ರತಿ ಸಿಗುವುದೂ ಅವರಿಂದಲೇ. 2007ರಲ್ಲಿ ಗೇಮ್‌ಸ್ಪಾಟ್ ಜಾಲತಾಣದ ವಿಮರ್ಶಕ ಜೆಫ್ ಗರ್ಸ್ಟ್‌ಮನ್ ‘ಕೇನ್ ಆಂಡ್ ಲಿಂಚ್’ಗೆ ಹತ್ತಕ್ಕೆ ಆರು ಕೊಟ್ಟರು. ಆಗ ಗೇಮ್‌ಸ್ಪಾಟ್ ತುಂಬ ಅದೇ ಗೇಮಿನ ಜಾಹೀರಾತು. ಕೆಲವೇ ದಿನಗಳಲ್ಲಿ ಅವರ ಕೆಲಸ ಹೋಯಿತು. ಜಾಹೀರಾತುದಾರರ ಒತ್ತಡಕ್ಕೆ ಆಡಳಿತ ಮಣಿದದ್ದೇ ಕಾರಣವೆಂದು 2012ರಲ್ಲಿ ಅವರೇ ಬಾಯಿಬಿಟ್ಟರು. ಆರು ಎಂದರೆ ನಮ್ಮಲ್ಲಿ ಫಸ್ಟ್ ಕ್ಲಾಸು. ಅಲ್ಲಿ ಅಷ್ಟು ಕೊಟ್ಟವನೇ ಮನೆಗೆ.

ಅಂಕದ ಬಿಸಿ ಗೇಮ್ ಕಟ್ಟುವವರಿಗೂ ತಟ್ಟಿತು. 2010ರ ‘ಫಾಲ್‌ಔಟ್: ನ್ಯೂ ವೇಗಸ್’ ಮಾಡಿದ ಅಬ್ಸಿಡಿಯನ್ ಸಂಸ್ಥೆಗೆ ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಎಂಬ ಕರಾರಿತ್ತು. ಬಂದದ್ದು 84. ಬೋನಸ್ ಇಲ್ಲ. ಬರೆದ ವಿಮರ್ಶಕರಲ್ಲಿ ಒಬ್ಬಿಬ್ಬರು ಅರ್ಧ ಅಂಕ ಕೈಬಿಚ್ಚಿದ್ದರೆ ಕತೆ ಬೇರೆಯಾಗುತ್ತಿತ್ತೇನೋ.

ಸರಾಸರಿಯ ಇನ್ನೊಂದು ಕಣ್ಕಟ್ಟು ಅದೇ ವರ್ಷ ಬಯಲಾಯಿತು. ಜಪಾನಿನ ಸ್ವೆರಿ ಎಂಬ ನಿರ್ದೇಶಕರ ‘ಡೆಡ್ಲಿ ಪ್ರಿಮೊನಿಷನ್’ಗೆ ಐಜಿಎನ್ ಜಾಲತಾಣ ಕೊಟ್ಟದ್ದು ಹತ್ತಕ್ಕೆ ಎರಡು; ಡಿಸ್ಟ್ರಕ್ಟಾಯ್ಡ್ ಜಾಲತಾಣ ಕೊಟ್ಟದ್ದು ಹತ್ತಕ್ಕೆ ಹತ್ತು. ಒಬ್ಬರಿಗೆ ಹಳಸಲು ಗ್ರಾಫಿಕ್ಸ್ ಮತ್ತು ಕೈಗೆ ಬಗ್ಗದ ಕಾರು ಕಂಡಿತು. ಇನ್ನೊಬ್ಬರಿಗೆ ತನ್ನೊಳಗಿನ ಅದೃಶ್ಯ ಗೆಳೆಯನೊಂದಿಗೆ ಹರಟುವ ಪತ್ತೇದಾರ ಕಂಡ. ಎಲ್ಲ ಕೂಡಿಸಿ ಭಾಗಿಸಿದಾಗ ಬಂದದ್ದು 68, ಹಳದಿ ಚೌಕ. ಎಲ್ಲರೂ ಆಕಳಿಸುತ್ತ ಏಳು ಕೊಟ್ಟ ಗೇಮೂ, ಜಗಳವಾಡಿ ಎರಡು-ಹತ್ತು ಕೊಟ್ಟ ಗೇಮೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ವಿಮರ್ಶೆಯನ್ನು ಓದದೆ ಅಂಕವನ್ನಷ್ಟೇ ನೋಡುವವನಿಗೆ ಈ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ.

ಈ ಲೆಕ್ಕಾಚಾರ ಯಾವುದೂ 1990ರ ದಶಕದಲ್ಲಿ ಗೋಕಾಕ, ಹುಕ್ಕೇರಿಯಂಥ ಊರುಗಳನ್ನು ಮುಟ್ಟಲಿಲ್ಲ. ಉತ್ತರ ಕರ್ನಾಟಕದ ಪೇಟೆಗಳಿಗೆ ಬಂದವು ನಿಂಟೆಂಡೋದ ಫ್ಯಾಮಿಕಾಮ್‌ನ ನಕಲು ಯಂತ್ರಗಳು: ಮೀಡಿಯಾ, ಲಿಟಲ್ ಮಾಸ್ಟರ್. ಯಂತ್ರಕ್ಕೆ ಟಿವಿ ಗೇಮ್ ಎಂದೂ ಕಾರ್ಟ್ರಿಜ್‌ಗೆ ಕ್ಯಾಸೆಟ್ ಎಂದೂ ಹೆಸರು. ಕ್ಯಾಸೆಟ್ ಹಿಡಿಯದಿದ್ದರೆ ತೆಗೆದು, ಬಾಯಿಂದ ಊದಿ, ಮತ್ತೆ ಒತ್ತಬೇಕು. ಲೇಬಲ್ ಮೇಲೆ ‘9999 ಇನ್ 1’ ಎಂದಿರುತ್ತಿತ್ತು. ಪಟ್ಟಿಯನ್ನು ಕೆಳಗೆ ಇಳಿಸುತ್ತ ಹೋದರೆ ಅದೇ ಮಾರಿಯೋ, ಅದೇ ಕಾಂಟ್ರಾ, ಅದೇ ರೋಡ್ ಫೈಟರ್. ಒಮ್ಮೆ ಎರಡನೆಯ ಲೆವೆಲ್‌ನಿಂದ ಶುರು, ಒಮ್ಮೆ ಬೇರೆ ಬಣ್ಣದಲ್ಲಿ. ಅಲ್ಲಿ ವಿಮರ್ಶಕನೆಂದರೆ ಕ್ಯಾಸೆಟ್ ಅದಲುಬದಲು ಮಾಡುವ ಗೆಳೆಯ. ‘ಅಷ್ಟೇನ್ ಛಲೋ ಇಲ್ಲಲೇ, ಆದ್ರ ಆಡಾಕ ನಡೀತೈತಿ’ ಎಂದು ಅವನು ಹೇಳಿದರೆ ಅದೇ ತೀರ್ಪು. ಅದರಲ್ಲಿ ಅಂಕವಿರಲಿಲ್ಲ, ಆದರೆ ಗೇಮಿನ ದೋಷವೂ ಆಡಬಹುದೆಂಬ ಶಿಫಾರಸೂ ಎರಡೂ ಇದ್ದವು. ಮುಂದೆ ಪ್ಲೇಸ್ಟೇಷನ್ 2 ಬಂದಾಗಲೂ ಅಗ್ಗದ ನಕಲಿ ಡಿಸ್ಕ್‌ಗಳದೇ ರಾಜ್ಯ. ಅಮೆರಿಕದಲ್ಲಿ 50 ಡಾಲರ್ ತೆರುತ್ತಿದ್ದವನಿಗೆ ಏಳೋ ಎಂಟೋ ಎಂಬುದು ದುಡ್ಡಿನ ಪ್ರಶ್ನೆ. ಇಲ್ಲಿ ಹಿಡಿಸದ ಡಿಸ್ಕನ್ನು ಮೂಲೆಗೆಸೆದರೆ ಆಯಿತು.

ಭಾರತವೇ ಗೇಮ್ ಕಟ್ಟತೊಡಗಿದಾಗ ಮಾತು ಬದಲಾಯಿತು. ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ 2009ರಲ್ಲಿ ಪ್ಲೇಸ್ಟೇಷನ್ 2ಕ್ಕೆ ‘ಹನುಮಾನ್: ಬಾಯ್ ವಾರಿಯರ್’ ತಂದಿತು. ಆಟ ಹೇಗಿದೆ ಎಂಬುದಕ್ಕಿಂತ ಹೆಚ್ಚು ಸದ್ದಾದದ್ದು, ದೇವರನ್ನು ಗುಂಡಿ ಒತ್ತಿ ಕುಣಿಸಬಹುದೇ ಎಂದು ಅಮೆರಿಕದ ಹಿಂದೂ ಮುಖಂಡ ರಾಜನ್ ಝೆಡ್ ಎತ್ತಿದ ತಕರಾರು.

ಸಂಕೇಶ್ವರದ ಮೇಲೆ ಹಾಯುವ ಪುಣೆ–ಬೆಂಗಳೂರು ಹೆದ್ದಾರಿಯ ಎರಡು ತುದಿಗಳಲ್ಲೂ ಈ ಕಸುಬಿದೆ. ಬೆಂಗಳೂರಿನಲ್ಲಿ ರಾಜೇಶ್ ರಾವ್ 1997ರಲ್ಲಿ ಕಟ್ಟಿದ ಧ್ರುವ ಇಂಟರ್‌ಆಕ್ಟಿವ್, ವಿದೇಶಿ ಕಂಪನಿಗಳ ದೊಡ್ಡ ಗೇಮುಗಳಿಗೆ ಚಿತ್ರಕಲೆಯ ಕೆಲಸ ಮಾಡಿಕೊಟ್ಟಿತು; 2019ರಲ್ಲಿ ಅದು ರಾಕ್‌ಸ್ಟಾರ್ ಪಾಲಾಯಿತು. ಪುಣೆಯ ನಾಡಿಂಗ್ ಹೆಡ್ಸ್ ತಂಡದ ‘ರಾಜಿ’ ಸ್ವಂತದ ಗೇಮು. 2017ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಎತ್ತಲು ಹೊರಟ ಹಣ ಸಿಗಲಿಲ್ಲ. ಆದರೂ 2020ರಲ್ಲಿ ನಿಂಟೆಂಡೋ ಸ್ವಿಚ್‌ಗೆ ಗೇಮ್ ಬಂತು. ರಾಕ್ಷಸರು ಕದ್ದೊಯ್ದ ತಮ್ಮನನ್ನು ಹುಡುಕುವ ಹುಡುಗಿ, ರಾಜಸ್ಥಾನದ ಕೋಟೆಗಳು, ತೊಗಲುಗೊಂಬೆಯಾಟದಂಥ ನೆರಳಿನಲ್ಲಿ ಕತೆ. ವಿಮರ್ಶಕರು ಈ ಚೆಲುವನ್ನು ಮನಸಾರೆ ಹೊಗಳಿ, ಕಾದಾಟ ಒರಟು, ಆಟ ಗಿಡ್ಡ, ಮುಕ್ತಾಯ ತಟ್ಟನೆ ಕಡಿದಂತಿದೆ ಎಂದರು. ಹೆಚ್ಚಿನ ತೀರ್ಪುಗಳು ಏಳರ ಸುತ್ತಮುತ್ತಲೇ ನಿಂತವು. ಅದೇ ವರ್ಷದ ಕೊನೆಗೆ ‘ದಿ ಗೇಮ್ ಅವಾರ್ಡ್ಸ್’ನ ಅತ್ಯುತ್ತಮ ಚೊಚ್ಚಲ ಗೇಮ್ ಪ್ರಶಸ್ತಿಗೆ ಆರಿಸಿದ ಐದರಲ್ಲಿ ‘ರಾಜಿ’ಯೂ ಒಂದಾಗಿತ್ತು. ಆ ಪಟ್ಟಿ ಸಿದ್ಧವಾಗುವುದು ಗೇಮ್ ವಿಮರ್ಶಿಸುವ ಪತ್ರಿಕೆಗಳ ಮತದಿಂದಲೇ.