ತಟ್ಟೆಗಳ ಗುಣದೋಷ ವಿಚಾರ

ಗ್ರಾಮೊಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ನಾಲ್ಕೈದು ನಿಮಿಷಗಳ ವಾದನಕ್ಕೆ ಮಾತ್ರ ಎಡೆಯಿದ್ದ ಕಾಲವದು. ಅದಕ್ಕೆ ಹೊಂದಿಸಲೆಂದು ಐರೋಪ್ಯ ಸಂಗೀತದ ಅನೇಕ ದೀರ್ಘಕೃತಿಗಳನ್ನು ಕತ್ತರಿಸುತ್ತಿದ್ದರು. ಕೊಂಡವನಿಗೆ ದೊರೆತುದು ರುಂಡವೋ ಮುಂಡವೋ ತಿಳಿಯುವಂತಿರಲಿಲ್ಲ. ಇಂತಿರಲು 1923ರ ಏಪ್ರಿಲಿನಲ್ಲಿ ಬ್ರಿಟನ್ನಿನ ಕಾದಂಬರಿಕಾರರಾದ ಕಾಂಪ್ಟನ್ ಮೆಕೆಂಜಿಯವರು ‘ದಿ ಗ್ರಾಮೊಫೋನ್’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿ, ತಟ್ಟೆಗಳ ಗುಣದೋಷ ವಿಚಾರಕ್ಕೆ ತೊಡಗಿದರು. ಅವರು ಸಂಗೀತಶಾಸ್ತ್ರದ ಪಂಡಿತರಲ್ಲ, ರಸಿಕರು. ಪತ್ರಿಕೆಗೆ ಅದೇ ಬಲವಾಯಿತೆನ್ನಬೇಕು. ಬರಿಯ ವಿಮರ್ಶೆಯಿಂದ ತೃಪ್ತರಾಗದೆ ಅವರು ಚಂದಾದಾರರ ಸಂಘವೊಂದನ್ನೂ ಕಟ್ಟಿದರು. ನಾಲ್ಕು ತಂತೀವಾದ್ಯಗಳಿಗಾಗಿ ಬೀಥೋವನ್ ರಚಿಸಿದ ಕೃತಿಯೊಂದು 1924ರಲ್ಲಿ ಆ ಸಂಘದ ಮೂಲಕ ಕತ್ತರಿ ಸೋಂಕದೆ ಹೊರಬಂದಿತು. ನಾಲ್ಕೈದು ನಿಮಿಷಕ್ಕೊಮ್ಮೆ ಎದ್ದು ತಟ್ಟೆ ತಿರುವುವ ಕಷ್ಟ ಮಾತ್ರ, 1948ರಲ್ಲಿ ದೀರ್ಘವಾದನದ ತಟ್ಟೆ ಬರುವವರೆಗೂ ಕೇಳುಗರ ಪಾಲಿಗೆ ಉಳಿಯಿತು.