ಲಾರಿಗೆ ಬೂಸ್ಟ್ ಮೀಟರ್ ಹಾಕಿಸಿದರೆ ಎಳೆತ, ಮೈಲೇಜ್ ಹೆಚ್ಚುತ್ತದೆಯೇ? ಯಾವುದು ಕೊಳ್ಳಬೇಕು, ಎಲ್ಲಿ ಕೂರಿಸಬೇಕು?

"ಲಾರಿ ಅಣ್ಣಂದಿರೇ, ಟರ್ಬೊ ಗಾಡಿಗೆ ಈ ಮೀಟರ್ ಹಾಕಿಸಿ. ಎಳೆತ ಜಾಸ್ತಿ, ಮೈಲೇಜ್ ಜಾಸ್ತಿ, ಟರ್ಬೊ ಜನ್ಮದಲ್ಲಿ ಹೋಗಲ್ಲ. ಎಲ್ಲ ಡ್ರೈವರ್ ಗ್ರೂಪ್‌ಗೂ ಕಳಿಸಿ." ಚನ್ನಪಟ್ಟಣದ ಹತ್ತಿರದ ಬೈರಾಪಟ್ಟಣದಿಂದ ಓದುಗರೊಬ್ಬರು ಈ ಸಂದೇಶವನ್ನು ನಮಗೆ ಕಳಿಸಿ, ಇದು ನಿಜವೇ ಎಂದು ಕೇಳಿದ್ದಾರೆ. ಅವರಿಗಿರುವುದು ಒಂದೇ ಲಾರಿ, ಕಂತು ಇನ್ನೂ ತೀರಿಲ್ಲ. ಲೋಡ್ ಹೊತ್ತು ಏರು ಹತ್ತುವಾಗ ಗಾಡಿ ಸೊರಗುತ್ತಿದೆ. ಗ್ಯಾರೇಜಿನಲ್ಲಿ "ಟರ್ಬೊ ಹೋಗಿದೆ, ಹೊಸದು ಹಾಕಿಸಿ" ಅಂದಿದ್ದಾರಂತೆ. ಮೀಟರ್ ಹಾಕಿಸಿದರೆ ಆ ಖರ್ಚು ತಪ್ಪುತ್ತದೆಯೇ ಎಂಬುದು ಅವರ ಪ್ರಶ್ನೆ.

ಮೊದಲೇ ಹೇಳಿಬಿಡುತ್ತೇವೆ: ಬೂಸ್ಟ್ ಮೀಟರ್ ಎಳೆತವನ್ನೂ ಹೆಚ್ಚಿಸುವುದಿಲ್ಲ, ಮೈಲೇಜನ್ನೂ ಹೆಚ್ಚಿಸುವುದಿಲ್ಲ. ಥರ್ಮಾಮೀಟರ್ ಇಟ್ಟ ಮಾತ್ರಕ್ಕೆ ಜ್ವರ ಇಳಿಯುವುದಿಲ್ಲವಲ್ಲ, ಹಾಗೆ. ಆದರೆ ಓದುಗರ ಎರಡನೇ ಪ್ರಶ್ನೆಗೆ ಉತ್ತರ ಬೇರೆ. ಸರಿಯಾಗಿ ಓದಿದರೆ ಈ ಮೀಟರ್ ಅನಗತ್ಯವಾಗಿ ಟರ್ಬೊ ಬದಲಿಸುವ ಖರ್ಚನ್ನು ತಪ್ಪಿಸಬಹುದು. ತಪ್ಪಾಗಿ ಓದಿದರೆ ಅದೇ ಖರ್ಚಿಗೆ ಅದೇ ನೆಪವೂ ಆಗಬಹುದು.

ಬೂಸ್ಟ್ ಅಂದರೆ ಏನು?

ಸೌದೆ ಒಲೆಗೆ ಊದುಗೊಳವೆಯಲ್ಲಿ ಊದಿದರೆ ಉರಿ ಏಳುತ್ತದೆ. ಇಂಜಿನ್ನಿನಲ್ಲಿ ಟರ್ಬೊ ಮಾಡುವುದೂ ಅದನ್ನೇ, ಆದರೆ ಊದುವ ಶಕ್ತಿ ಬರುವುದು ಇಂಜಿನ್ನಿನ ಹೊಗೆಯಿಂದಲೇ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಏರ್ ಫಿಲ್ಟರಿನ ಕಡೆಯಿಂದ ಗಾಳಿ ಎಳೆದು ಇಂಜಿನ್ನಿಗೆ ಒತ್ತಿ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಇದಕ್ಕೆ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಒತ್ತಿದ ಗಾಳಿ ಬಿಸಿಯಾಗುವುದರಿಂದ ಅದು ಇಂಟರ್‌ಕೂಲರಿನಲ್ಲಿ ತಣಿದು, ಆಮೇಲೆ ಇನ್‌ಲೆಟ್ ಮ್ಯಾನಿಫೋಲ್ಡಿಗೆ ಹೋಗುತ್ತದೆ. ಅಲ್ಲಿ ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಒತ್ತಡ ಇದೆಯೋ ಅದೇ ಬೂಸ್ಟ್.

ಇದರಿಂದ ಒಂದು ವಿಷಯ ಗೊತ್ತಾಗುತ್ತದೆ. ಹೆಚ್ಚು ಡೀಸೆಲ್ ಉರಿದರೆ ಹೆಚ್ಚು ಹೊಗೆ, ಹೆಚ್ಚು ಹೊಗೆ ಇದ್ದರೆ ಹೆಚ್ಚು ಬೂಸ್ಟ್. ಲೋಡ್ ಇಲ್ಲದೆ ಬೂಸ್ಟ್ ಇಲ್ಲ. ಗ್ಯಾರೇಜಿನಲ್ಲಿ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಆಕ್ಸಿಲರೇಟರ್ ಒತ್ತಿ "ನೋಡಿ, ಮುಳ್ಳು ಏಳ್ತಾನೇ ಇಲ್ಲ" ಅಂದರೆ ಅದನ್ನು ನಂಬಬೇಡಿ. ಸರಿಯಾಗಿರುವ ಗಾಡಿಯಲ್ಲೂ ಆಗ ಮುಳ್ಳು ಹೆಚ್ಚು ಏಳುವುದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಸಮತಟ್ಟಿನಲ್ಲಿ ಖಾಲಿ ಗಾಡಿ ಓಡಿಸಿದರೂ ಅಷ್ಟೆ. ಕನಕಪುರ ಕಡೆಯ ಕಲ್ಲು ಕ್ವಾರಿಯಿಂದ ಲೋಡ್ ಹೊತ್ತು ಮೇಲೆ ಬರುವಾಗ, ಅಥವಾ ಮಂಗಳೂರಿನಿಂದ ವಾಪಸ್ ಶಿರಾಡಿ ಘಾಟಿ ಹತ್ತುವಾಗ ಮೀಟರಿನ ನಿಜವಾದ ಸಂಖ್ಯೆ ಕಾಣುತ್ತದೆ.

ಈಗಿನ ಭಾರಿ ಲಾರಿಗಳಲ್ಲಿ ಪೂರ್ತಿ ಲೋಡಿನ ಬೂಸ್ಟ್ ಸಾಮಾನ್ಯವಾಗಿ 1.5ರಿಂದ 2.5 ಬಾರ್. ಟೈರ್ ಅಂಗಡಿಯಲ್ಲಿ 'ಪೌಂಡ್' ಅನ್ನುವ ಪಿಎಸ್‌ಐ ಲೆಕ್ಕದಲ್ಲಿ ಇದು 22ರಿಂದ 36 (1 ಬಾರ್ ಅಂದರೆ 14.5 ಪಿಎಸ್‌ಐ). ಹಳೆಯ ಗಾಡಿಗಳಲ್ಲಿ ಇದಕ್ಕಿಂತ ಕಡಿಮೆ. ನಿಮ್ಮ ಇಂಜಿನ್ನಿನ ಸರಿಯಾದ ಸಂಖ್ಯೆ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಪಕ್ಕದ ಲಾರಿಯ ಮುಳ್ಳನ್ನು ನೋಡಿ ನಿಮ್ಮದನ್ನು ಅಳೆಯಬೇಡಿ.

ಕಾರಿನ ಮೀಟರ್ ಬೇಡ

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಬೂಸ್ಟ್ ಮೀಟರ್‌ಗಳಲ್ಲಿ ಬಹಳಷ್ಟು ಪೆಟ್ರೋಲ್ ಕಾರಿಗೆಂದು ಮಾಡಿದವು. ಅವುಗಳ ಡಯಲಿನಲ್ಲಿ ಅರ್ಧ ಜಾಗ ಸೊನ್ನೆಯ ಕೆಳಗಿನ ವ್ಯಾಕ್ಯೂಮಿಗೆ ಹೋಗಿರುತ್ತದೆ. ಡೀಸೆಲ್ ಲಾರಿಯಲ್ಲಿ ಆ ಅರ್ಧ ಡಯಲಿಗೆ ಕೆಲಸವೇ ಇಲ್ಲ. ಮೇಲಿನ ಅಳತೆಯೂ ಕೆಲವದರಲ್ಲಿ 20 ಅಥವಾ 30 ಪಿಎಸ್‌ಐಗೆ ಮುಗಿದುಹೋಗುತ್ತದೆ, ಮುಳ್ಳು ಕೊನೆಗೆ ಬಡಿದು ನಿಲ್ಲುತ್ತದೆ. ನಿಮ್ಮ ಗಾಡಿಯ ಗರಿಷ್ಠ ಬೂಸ್ಟ್ ಡಯಲಿನ ಮೂರನೇ ಎರಡು ಭಾಗದಲ್ಲಿ ಬರುವಂಥ ಮೀಟರ್ ಆರಿಸಿ. ಗರಿಷ್ಠ 2 ಬಾರ್ ಆದರೆ 0ಯಿಂದ 3 ಬಾರ್‌ನದು ಸರಿಹೋಗುತ್ತದೆ.

ಇನ್ನೊಂದು ತಪ್ಪು ಕರೆಂಟಿನದು. ಕಾರಿನದು 12 ವೋಲ್ಟ್. ಭಾರಿ ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸಾಲಾಗಿ ಸೇರಿ 24 ವೋಲ್ಟ್. 12 ವೋಲ್ಟಿನ ಮೀಟರನ್ನು ನೇರ ಕೊಟ್ಟರೆ ಸುಡುತ್ತದೆ. ಇದನ್ನು ತಪ್ಪಿಸಲು ಕೆಲವರು ಒಂದೇ ಬ್ಯಾಟರಿಯಿಂದ ವೈರ್ ಎಳೆಯುತ್ತಾರೆ. ಹೀಗೆ ಮಾಡಿದರೆ ಒಂದು ಬ್ಯಾಟರಿ ಯಾವಾಗಲೂ ಇನ್ನೊಂದಕ್ಕಿಂತ ಹೆಚ್ಚು ಇಳಿಯುತ್ತದೆ, ಇನ್ನೊಂದು ಹೆಚ್ಚು ಚಾರ್ಜ್ ಆಗುತ್ತದೆ, ಕೊನೆಗೆ ಎರಡೂ ಬೇಗ ಕೆಡುತ್ತವೆ. 24 ವೋಲ್ಟಿಗೆಂದೇ ಬರೆದಿರುವ ಮೀಟರ್ ತನ್ನಿ, ಇಲ್ಲವೇ ನಡುವೆ ಕನ್ವರ್ಟರ್ ಹಾಕಿಸಿ.

ಮೆಕ್ಯಾನಿಕಲ್ ಮೀಟರಿನಲ್ಲಿ ಸಣ್ಣ ನಳಿಕೆಯ ಮೂಲಕ ಒತ್ತಡ ನೇರವಾಗಿ ಡಯಲಿನವರೆಗೆ ಬರುತ್ತದೆ. ಒಳಗಿನ ಬಾಗಿದ ಕೊಳವೆ ಒತ್ತಡಕ್ಕೆ ಬಿಚ್ಚಿಕೊಂಡು ಮುಳ್ಳನ್ನು ತಿರುಗಿಸುತ್ತದೆ. ಇದಕ್ಕೆ ಕರೆಂಟ್ ಬೇಕಿರುವುದು ರಾತ್ರಿಯ ಬೆಳಕಿಗೆ ಮಾತ್ರ. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಇಂಜಿನ್ ಹತ್ತಿರ ಸೆನ್ಸರ್ ಇರುತ್ತದೆ, ಕ್ಯಾಬಿನ್ನಿಗೆ ಬರುವುದು ವೈರ್ ಮಾತ್ರ. ನಮ್ಮನ್ನು ಕೇಳಿದರೆ, ಹಳೆಯ ಗಾಡಿಗೆ ಮೆಕ್ಯಾನಿಕಲ್ಲೇ ಸಾಕು. ಕೆಟ್ಟರೆ ರಿಪೇರಿ ಸುಲಭ.

ನಿಮ್ಮದು ಬಿಎಸ್6 ಗಾಡಿಯಾದರೆ (2020ರ ಏಪ್ರಿಲ್ 1ರಿಂದ ಬಂದ ನಿಯಮ) ಮೀಟರ್ ಕೊಳ್ಳುವ ಮೊದಲು ಸ್ವಲ್ಪ ತಡೆಯಿರಿ. ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಸೆನ್ಸರ್ ಅದರಲ್ಲಿ ಕಂಪನಿಯಿಂದಲೇ ಇರುತ್ತದೆ. ಲಾರಿಗೆ ಹೊಂದುವ ಸ್ಕ್ಯಾನರ್ ಹಾಕಿದರೆ ಸಂಖ್ಯೆ ಕಾಣುತ್ತದೆ. ಕಾರಿನ ಅಗ್ಗದ ಡಾಂಗಲ್ ಇದಕ್ಕೆ ಆಗುವುದಿಲ್ಲ. ಭಾರಿ ಲಾರಿಗಳ ಕಂಪ್ಯೂಟರ್ ಸಾಮಾನ್ಯವಾಗಿ ಮಾತಾಡುವುದು ಜೆ1939 ಎಂಬ ಬೇರೆ ಭಾಷೆಯಲ್ಲಿ.

ಸ್ಕ್ಯಾನರ್ ನೋಡುವಾಗ ಬಹಳ ಜನ ಎಡವುವ ಜಾಗ ಒಂದಿದೆ. ಹಲವು ಸ್ಕ್ಯಾನರ್‌ಗಳು ತೋರಿಸುವುದು ಬೂಸ್ಟ್ ಅಲ್ಲ, ಹೊರಗಿನ ಗಾಳಿಯ ಒತ್ತಡವೂ ಸೇರಿದ ಒಟ್ಟು ಒತ್ತಡ. ಸಮುದ್ರ ಮಟ್ಟದ ಮಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್. ಏಳುನೂರು ಮೀಟರಿಗೂ ಎತ್ತರದಲ್ಲಿರುವ ಚನ್ನಪಟ್ಟಣದಲ್ಲಿ ಸುಮಾರು 93, ಅಂದರೆ ಹದಿಮೂರೂವರೆ ಪಿಎಸ್‌ಐ. ಹಾಗಾಗಿ ಇಂಜಿನ್ ಆಫ್ ಇದ್ದಾಗಲೂ ಅಲ್ಲಿ 13 ಕಾಣಿಸಿದರೆ ಸೆನ್ಸರ್ ಕೆಟ್ಟಿಲ್ಲ, ಸರಿಯಾಗಿದೆ ಎಂದೇ ಅರ್ಥ. ಓಡಿಸುವಾಗ ಬಂದ ಸಂಖ್ಯೆಯಲ್ಲಿ ಅದನ್ನು ಕಳೆದರೆ ಬೂಸ್ಟ್ ಸಿಗುತ್ತದೆ.

ಕೂರಿಸುವಾಗ

ಒತ್ತಡ ತೆಗೆದುಕೊಳ್ಳಬೇಕಾದ ಜಾಗ ಇಂಟರ್‌ಕೂಲರ್ ದಾಟಿದ ಮೇಲೆ, ಇನ್‌ಲೆಟ್ ಮ್ಯಾನಿಫೋಲ್ಡಿನಲ್ಲಿ. ಏರ್ ಫಿಲ್ಟರ್ ಮತ್ತು ಟರ್ಬೊ ನಡುವಿನ ಪೈಪಿನಿಂದ ತೆಗೆದರೆ ಬೂಸ್ಟ್ ಕಾಣುವುದೇ ಇಲ್ಲ, ಅದು ಗಾಳಿ ಎಳೆಯುವ ಕಡೆ. ಮ್ಯಾನಿಫೋಲ್ಡಿನಲ್ಲಿ ಬೋಲ್ಟ್ ಹಾಕಿ ಮುಚ್ಚಿದ ತೂತು ಇದ್ದರೆ ಅದನ್ನೇ ಬಳಸಿ. ಹೊಸ ತೂತು ಕೊರೆಯಲೇಬೇಕಾದರೆ ಮ್ಯಾನಿಫೋಲ್ಡ್ ಬಿಚ್ಚಿ ಕೆಳಗಿಟ್ಟೇ ಕೊರೆಯಬೇಕು. ಕೊರೆದ ಲೋಹದ ಚೂರು ಒಂದೇ ಒಂದು ಒಳಗೆ ಬಿದ್ದರೂ ಸಿಲಿಂಡರ್ ಗೀಚುತ್ತದೆ.

ಹಳೆಯ ಮೆಕ್ಯಾನಿಕಲ್ ಪಂಪಿನ ಹಲವು ಗಾಡಿಗಳಲ್ಲಿ ಮ್ಯಾನಿಫೋಲ್ಡಿನಿಂದ ಡೀಸೆಲ್ ಪಂಪಿಗೆ ಒಂದು ಸಣ್ಣ ಗಾಳಿ ಪೈಪ್ ಹೋಗಿರುತ್ತದೆ. ಬೂಸ್ಟ್ ಎಷ್ಟಿದೆ ಎಂದು ಪಂಪಿಗೆ ತಿಳಿಸುವುದು ಅದೇ. ಮೆಕ್ಯಾನಿಕ್‌ಗಳು ಸಾಮಾನ್ಯವಾಗಿ ಅಲ್ಲೇ ಟಿ ಜಾಯಿಂಟ್ ಹಾಕುತ್ತಾರೆ. ತಪ್ಪಿಲ್ಲ, ಆದರೆ ಜಾಯಿಂಟ್ ಲೀಕ್ ಆದರೆ ಬೂಸ್ಟ್ ಇದ್ದರೂ ಪಂಪಿಗೆ ಗೊತ್ತಾಗದೆ ಡೀಸೆಲ್ ಕಡಿಮೆ ಬಿಡುತ್ತದೆ. ಮೀಟರ್ ಹಾಕಿಸಿದ ಮರುದಿನವೇ ಗಾಡಿ ಮಂದವಾದರೆ ಮೊದಲು ನೋಡಬೇಕಾದ್ದು ಈ ಜಾಯಿಂಟನ್ನು. ಬಿಎಸ್6 ಗಾಡಿಯಲ್ಲಿ ಕಂಪನಿ ಸೆನ್ಸರಿನ ವೈರನ್ನಾಗಲಿ ಪೈಪನ್ನಾಗಲಿ ಕತ್ತರಿಸಲೇಬೇಡಿ. ಎಚ್ಚರಿಕೆ ದೀಪ ಹತ್ತಿ, ಇಂಜಿನ್ ತಾನಾಗಿ ಶಕ್ತಿ ಇಳಿಸಿಕೊಳ್ಳಬಹುದು. ವಾರಂಟಿ ಇದ್ದರೆ ಆ ಪುಸ್ತಕ ಓದಿದ ಮೇಲೆ ಮುಂದುವರಿಯಿರಿ.

ನಳಿಕೆಯನ್ನು ಟರ್ಬೊ ಮತ್ತು ಸೈಲೆನ್ಸರ್ ಪೈಪಿನಿಂದ ದೂರ ಎಳೆಯಿರಿ. ಕ್ಯಾಬಿನ್ನಿನ ತಗಡು ದಾಟುವಲ್ಲಿ ರಬ್ಬರ್ ಗ್ರಾಮೆಟ್ ಇರಲಿ. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಮರೆಯುವುದು ಯಾವುದನ್ನು ಎಂದರೆ, ಲಾರಿಯ ಕ್ಯಾಬಿನ್ ಮುಂದಕ್ಕೆ ಮಗುಚುತ್ತದೆ ಎಂಬುದನ್ನು. ಬಿಗಿಯಾಗಿ ಕಟ್ಟಿದ ನಳಿಕೆ ಮೊದಲ ಸಲ ಕ್ಯಾಬಿನ್ ಎತ್ತಿದಾಗಲೇ ಕಿತ್ತುಬರುತ್ತದೆ. ಕ್ಯಾಬಿನ್ನಿನ ಕೀಲು ಇರುವ ಕಡೆಯಿಂದಲೇ, ಬೇರೆ ಪೈಪ್‌ಗಳ ಜೊತೆಗೆ, ಸಡಿಲ ಬಿಟ್ಟು ತನ್ನಿ. ಕಟ್ಟಿದ ಮೇಲೆ ಒಮ್ಮೆ ಕ್ಯಾಬಿನ್ ಪೂರ್ತಿ ಎತ್ತಿ ಇಳಿಸಿ ನೋಡಿ. ಎಲ್ಲ ಜಾಯಿಂಟಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಪರೀಕ್ಷಿಸಿ. ಮೀಟರಿನ ವೈರ್ ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ಜಾಗದಿಂದ, ಸಣ್ಣ ಫ್ಯೂಸ್ ಮೂಲಕ ಬರಲಿ.

ಮುಳ್ಳು ಕೆಳಗಿದ್ದರೆ ಟರ್ಬೊ ಹೋಗಿದೆಯೇ?

ಬೈರಾಪಟ್ಟಣದ ಓದುಗರು ಕೇಳಿದ್ದು ಇದನ್ನೇ. ಒಂದು ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಗಾಡಿ ಚೆನ್ನಾಗಿರುವಾಗ, ನೀವು ಮೇಲಿಂದ ಮೇಲೆ ಹತ್ತುವ ಒಂದು ಏರಿನಲ್ಲಿ, ಅದೇ ಲೋಡು, ಅದೇ ಗೇರು, ಅದೇ ಆರ್‌ಪಿಎಂನಲ್ಲಿ ಮುಳ್ಳು ಎಲ್ಲಿಗೆ ಬರುತ್ತದೆ ಎಂದು ಬರೆದಿಟ್ಟುಕೊಂಡಿರಬೇಕು. ಆಮೇಲೆ ಅದೇ ಏರಿನಲ್ಲಿ 1.8 ಇದ್ದದ್ದು 1.2 ಆದರೆ ಏನೋ ಬದಲಾಗಿದೆ. ಏನು ಎಂದು ಮೀಟರ್ ಹೇಳುವುದಿಲ್ಲ.

ಏರ್ ಫಿಲ್ಟರ್ ಧೂಳು ಹಿಡಿದಿರಬಹುದು. ಕ್ವಾರಿ ಗಾಡಿಗಳಲ್ಲಿ ಮೊದಲ ಅನುಮಾನ ಇದರ ಮೇಲೇ. ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಹೋಸ್ ಸೀಳಿರಬಹುದು, ಕ್ಲಾಂಪ್ ಸಡಿಲವಾಗಿರಬಹುದು, ಇಂಟರ್‌ಕೂಲರ್ ಬಿರುಕು ಬಿಟ್ಟಿರಬಹುದು. ಇವುಗಳಲ್ಲಿ ಸಾಮಾನ್ಯವಾಗಿ ಏರಿನಲ್ಲಿ 'ಸುಯ್' ಎಂಬ ಸದ್ದು ಕೇಳುತ್ತದೆ, ಕಪ್ಪು ಹೊಗೆಯೂ ಬರುತ್ತದೆ. ಟರ್ಬೊಗೆ ಮೊದಲೇ ಎಕ್ಸಾಸ್ಟ್ ಜಾಯಿಂಟ್ ಲೀಕ್ ಆದರೆ ಚಕ್ರ ತಿರುಗಿಸುವ ಹೊಗೆಯೇ ಸೋರಿಹೋಗುತ್ತದೆ. ಡೀಸೆಲ್ ಫಿಲ್ಟರ್ ಕಟ್ಟಿದ್ದರೂ ಬೂಸ್ಟ್ ಬೀಳುತ್ತದೆ, ಉರಿ ಕಡಿಮೆಯಾದರೆ ಹೊಗೆಯೂ ಕಡಿಮೆ ತಾನೇ? ಆಗ ಹೊಗೆ ಕಪ್ಪಾಗಿರುವುದಿಲ್ಲ, ಗಾಡಿ ಸುಮ್ಮನೆ ಸೊರಗುತ್ತದೆ. ಹೆಚ್ಚುವರಿ ಒತ್ತಡವನ್ನು ಬಿಡುವ ವೇಸ್ಟ್‌ಗೇಟ್ ತೆರೆದೇ ಸಿಕ್ಕಿಕೊಂಡಿರಬಹುದು. ಟರ್ಬೊವೇ ಕೆಟ್ಟಿರುವುದೂ ಉಂಟು. ಆದರೆ ಅದಕ್ಕಿಂತ ಮೊದಲಿನ ಎಲ್ಲವನ್ನೂ ನೋಡುವ ಖರ್ಚು ಟರ್ಬೊದ ಬೆಲೆಯ ಮುಂದೆ ಏನೇನೂ ಅಲ್ಲ.

ಹೋಸ್‌ಗಳನ್ನು ಗಾಳಿ ತುಂಬಿ ಪರೀಕ್ಷಿಸಬಹುದು. ಆದರೆ ನೂರು ಪೌಂಡ್ ಮೀರಿದ ಟೈರ್ ಕಂಪ್ರೆಸರಿನ ಗಾಳಿಯನ್ನು ರೆಗ್ಯುಲೇಟರ್ ಇಲ್ಲದೆ ಬಿಡಬಾರದು, ಹೋಸ್ ಸಿಡಿಯುತ್ತದೆ. ಟರ್ಬೊ ನೋಡಲು ಇಂಜಿನ್ ಆಫ್ ಆಗಿ ತಣ್ಣಗಾದ ಮೇಲೆ ಗಾಳಿ ಬರುವ ಹೋಸ್ ಬಿಚ್ಚಿಸಿ, ಚಕ್ರವನ್ನು ಬೆರಳಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು, ಎಲ್ಲೂ ಗೋಡೆಗೆ ತಾಗಬಾರದು, ರೆಕ್ಕೆಗಳ ಅಂಚು ಮುರಿದಿರಬಾರದು. "ಶಾಫ್ಟ್ ಅಲ್ಲಾಡ್ತಿದೆ ನೋಡಿ" ಎಂದು ತೋರಿಸಿದರೆ ಗಾಬರಿಯಾಗಬೇಡಿ. ಮೇಲೆ-ಕೆಳಗೆ ಸ್ವಲ್ಪ ಅಲುಗುವುದು ಸಹಜ, ಓಡುವಾಗ ಆ ಸಂದಿಯನ್ನು ಆಯಿಲ್ ತುಂಬಿರುತ್ತದೆ. ಹಿಂದೆ-ಮುಂದೆ ಎಳೆದಾಡಿದಾಗ ಕೈಗೆ ಗೊತ್ತಾಗುವಷ್ಟು ಆಟವಿದ್ದರೆ, ಅಥವಾ ಚಕ್ರ ಗೋಡೆಗೆ ಉಜ್ಜಿದ ಗುರುತಿದ್ದರೆ ಮಾತು ಬೇರೆ. ಆಗಲೂ ಮೊದಲಿನದು ಯಾಕೆ ಹೋಯಿತು ಎಂದು ಕೇಳಿ. ಆಯಿಲ್ ಪೈಪ್ ಕಟ್ಟಿದ್ದರೆ ಹೊಸ ಟರ್ಬೊ ಕೂಡ ಅದೇ ದಾರಿ ಹಿಡಿಯುತ್ತದೆ.

ಲೀಕ್ ಇದ್ದರೂ ಹಾಗೇ ಓಡಿಸಬಹುದಲ್ಲ ಎಂದರೆ, ಅದೂ ದುಬಾರಿಯೇ. ಗಾಳಿ ಸೋರಿದ್ದನ್ನು ತುಂಬಲು ಟರ್ಬೊ ಮಿತಿ ಮೀರಿ ತಿರುಗುತ್ತದೆ, ಬಿಎಸ್6 ಗಾಡಿಯಲ್ಲಿ ಹೆಚ್ಚಾದ ಮಸಿ ಹೊಗೆ ಸೋಸುವ ಫಿಲ್ಟರನ್ನು ಬೇಗ ಕಟ್ಟಿಸುತ್ತದೆ.

ಈ ಮೀಟರಿಗೆ ಕಾಣದ್ದು

ಟರ್ಬೊ ಹೆಚ್ಚಾಗಿ ಹಾಳಾಗುವುದು ಆಯಿಲ್ ಸಾಲದೆ, ಆಯಿಲ್ ಕೊಳೆಯಾಗಿ, ಧೂಳು ಅಥವಾ ಚೂರು ಒಳಗೆ ಹೋಗಿ, ಇಲ್ಲವೇ ಅತಿ ಬಿಸಿಯಾಗಿ. ಬೂಸ್ಟ್ ಮೀಟರ್ ಇವುಗಳಲ್ಲಿ ಒಂದನ್ನೂ ನೇರವಾಗಿ ತೋರಿಸುವುದಿಲ್ಲ. "ಮುಳ್ಳು ಸೊನ್ನೆಗೆ ಬಂತು, ಇನ್ನು ಇಂಜಿನ್ ಆಫ್ ಮಾಡಬಹುದು" ಎಂಬ ಮಾತೂ ತಪ್ಪು. ಆಕ್ಸಿಲರೇಟರ್ ಬಿಟ್ಟ ಕ್ಷಣಗಳಲ್ಲೇ ಮುಳ್ಳು ಸೊನ್ನೆಗೆ ಇಳಿಯುತ್ತದೆ, ಟರ್ಬೊದ ಬಿಸಿ ಇಳಿಯುವುದಿಲ್ಲ. ಘಾಟಿ ಹತ್ತಿ ಬಂದ ಕೂಡಲೇ ಆಫ್ ಮಾಡದೆ, ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಐಡಲ್‌ನಲ್ಲಿ ಬಿಡಿ, ಸಾಮಾನ್ಯವಾಗಿ ಕೆಲವು ನಿಮಿಷ.

ಕೆಲವು ಕಡೆ ಮೀಟರಿನ ಜೊತೆಗೆ "ಬೂಸ್ಟ್ ಏರಿಸಿಕೊಡ್ತೀವಿ" ಎಂದು ವೇಸ್ಟ್‌ಗೇಟ್ ತಿರುಚಿ, ಪಂಪಿನ ಸೆಟ್ಟಿಂಗ್ ಹೆಚ್ಚಿಸುತ್ತಾರೆ. ಆಗ ಎಳೆತ ಹೆಚ್ಚುವುದು ನಿಜ. ಸಿಲಿಂಡರಿನ ಒತ್ತಡ, ಬಿಸಿ, ಹೊಗೆ ಎಲ್ಲವೂ ಹೆಚ್ಚುತ್ತವೆ, ಹೆಡ್ ಗ್ಯಾಸ್ಕೆಟ್ ಮತ್ತು ಪಿಸ್ಟನ್ ಅದರ ಬೆಲೆ ತೆರುತ್ತವೆ. ಮೀಟರ್ ಹಾಕಿಸುವುದರಿಂದ ಆರ್‌ಸಿಯಲ್ಲಿರುವ ಯಾವ ವಿವರವೂ ಬದಲಾಗುವುದಿಲ್ಲ, ಹಾಗಾಗಿ ವಾಹನ ಮಾರ್ಪಾಡನ್ನು ತಡೆಯುವ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದಕ್ಕೆ ಅಡ್ಡಿ ಬರುವುದಿಲ್ಲ. ಇಂಜಿನ್ ತಿರುಚಿ ಹೊಗೆ ಮಿತಿ ಮೀರಿದರೆ ಎಮಿಷನ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೀರಿ, 190(2) ಸೆಕ್ಷನ್ನಿನಲ್ಲಿ ದಂಡವೂ ಉಂಟು. ಮೀಟರನ್ನು ಮಾತ್ರ ಮುಂದಿನ ಗಾಜಿಗೆ ಅಡ್ಡವಾಗದಂತೆ, ರಸ್ತೆಯಿಂದ ಕಣ್ಣು ಹೆಚ್ಚು ಸರಿಸದೆ ಕಾಣುವ ಕಡೆ ಕೂರಿಸಿ.